ಟಾಂಕಿನ್ ಕೊಲ್ಲಿಯ ಕಾಣದ ಶತ್ರು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. 1964ರಲ್ಲಿ ಅಮೆರಿಕವು ಕಾಣದ ಶತ್ರುವನ್ನೇ ನಂಬಿ ಯುದ್ಧಕ್ಕಿಳಿಯಿತು.

ಆ ವರ್ಷದ ಆಗಸ್ಟ್ 2ರಂದು, ವಿಯೆಟ್ನಾಂ ಬಳಿಯ ಟಾಂಕಿನ್ ಕೊಲ್ಲಿಯಲ್ಲಿ ಗುಪ್ತ ಮಾಹಿತಿ ಸಂಗ್ರಹಿಸುತ್ತಿದ್ದ ಅಮೆರಿಕದ ಯುದ್ಧನೌಕೆ 'ಮ್ಯಾಡಾಕ್ಸ್' ಮೇಲೆ ಉತ್ತರ ವಿಯೆಟ್ನಾಮಿನ ಮೂರು ಟಾರ್ಪೆಡೊ ದೋಣಿಗಳು ಎರಗಿದವು. ಇದು ನಿಜ. ಹಡಗಿಗೆ ತಗುಲಿದ್ದು ಮಾತ್ರ ಒಂದೇ ಗುಂಡು.

4ರ ರಾತ್ರಿ ಹವೆ ಕೆಟ್ಟಿತ್ತು. ರಾಡಾರ್, ಸೋನಾರ್‌ಗಳು ಮತ್ತೆ ದಾಳಿಯ ಸೂಚನೆ ಕೊಟ್ಟವು. ಮ್ಯಾಡಾಕ್ಸ್ ಹಾಗೂ ಜೊತೆಗಿದ್ದ 'ಟರ್ನರ್ ಜಾಯ್' ಕತ್ತಲಿನತ್ತ ಗುಂಡಿನ ಮಳೆಗರೆದವು. ಆದರೆ ಕೆಲವೇ ಗಂಟೆಗಳಲ್ಲಿ ಎರಡೂ ಹಡಗುಗಳ ಹೊಣೆ ಹೊತ್ತಿದ್ದ ಜಾನ್ ಹೆರಿಕ್ ಅವರಿಗೇ ಅನುಮಾನ ಬಂತು. ಹವಾಮಾನದ ವೈಪರೀತ್ಯ, ಸಿಬ್ಬಂದಿಯ ಅತ್ಯುತ್ಸಾಹ ಇದಕ್ಕೆ ಕಾರಣವಿರಬಹುದು; ಪೂರ್ತಿ ಪರಿಶೀಲಿಸದೆ ಮುಂದಿನ ಕ್ರಮ ಬೇಡ ಎಂದು ಅವರು ಸಂದೇಶ ಕಳುಹಿಸಿದರು.

ವಾಷಿಂಗ್ಟನ್ ಕಾಯಲಿಲ್ಲ. ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ರತಿದಾಳಿಗೆ ಆಜ್ಞೆಯಿತ್ತರು. 7ರಂದು ಅಮೆರಿಕದ ಸಂಸತ್ತು ಸೇನಾಬಲ ಬಳಸುವ ಅಧಿಕಾರವನ್ನು ಅವರ ಕೈಗಿತ್ತಿತು. ಕೆಳಮನೆಯಲ್ಲಿ ಪರವಾಗಿ 416 ಮತ, ವಿರೋಧ ಒಂದೂ ಇಲ್ಲ. ಸೆನೆಟ್‌ನಲ್ಲಿ ವಿರೋಧಿಸಿದವರು ಇಬ್ಬರೇ. ಔಪಚಾರಿಕ ಘೋಷಣೆಯೇ ಇಲ್ಲದ ಮಹಾಯುದ್ಧವೊಂದಕ್ಕೆ ಈ ಗೊತ್ತುವಳಿ ಪರವಾನಗಿಯಾಯಿತು.

4ರ ದಾಳಿ ನಡೆದೇ ಇರಲಿಲ್ಲ ಎಂಬ ನಿರ್ಣಯ, ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2005ರಲ್ಲಿ ಬಹಿರಂಗಪಡಿಸಿದ ತನ್ನದೇ ಅಧ್ಯಯನದಲ್ಲಿತ್ತು. ಅಷ್ಟರಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನೂ ಲಕ್ಷಾಂತರ ವಿಯೆಟ್ನಾಮಿಯರನ್ನೂ ಬಲಿ ತೆಗೆದುಕೊಂಡ ಆ ಯುದ್ಧ ಮುಗಿದು ಮೂವತ್ತು ವರ್ಷಗಳಾಗಿದ್ದವು.