ಇಂಟರ್ನ್‌ಷಿಪ್ ಸಂದರ್ಶನಕ್ಕೊಂದು ಸೂಟು

ಸಂದರ್ಶನದ ಸೂಟಿನಲ್ಲಿ ಮೊದಲು ನೋಡಬೇಕಾದದ್ದು ಭುಜ. ಬಟ್ಟೆಯ ಗುಣ, ಕಂಪನಿಯ ಹೆಸರು, ರಿಯಾಯಿತಿಯ ಬೋರ್ಡು ಎಲ್ಲ ಅದರ ನಂತರ. ಕೋಟಿನ ಸೊಂಟವನ್ನು ಒಳಕ್ಕೆ ಹಿಡಿಯಬಹುದು, ತೋಳಿನ ಉದ್ದ ಕಡಿಮೆ ಮಾಡಬಹುದು, ಪ್ಯಾಂಟಿನ ಅಂಚು ಮಡಿಚಿ ಹೊಲಿಯಬಹುದು. ಇವೆಲ್ಲ ಬಡಾವಣೆಯ ಆಲ್ಟರೇಷನ್ ಅಂಗಡಿಯಲ್ಲೂ ಸಣ್ಣ ಖರ್ಚಿಗೆ ಆಗುವ ಕೆಲಸ. ಭುಜ ಹಾಗಲ್ಲ. ಪ್ಯಾಡು, ಕ್ಯಾನ್ವಾಸು, ಲೈನಿಂಗು, ತೋಳಿನ ಹೊಲಿಗೆ ಎಲ್ಲ ಅಲ್ಲೇ ಬಂದು ಕೂಡುತ್ತವೆ. ಅದನ್ನು ತಿದ್ದಲು ಹೊರಟರೆ ಅರ್ಧ ಕೋಟನ್ನೇ ಬಿಚ್ಚಬೇಕು, ಆ ಕೂಲಿಗೆ ಇನ್ನೊಂದು ಅಗ್ಗದ ಕೋಟು ಬಂದೀತು. ಆದ್ದರಿಂದ ಕೈಯಲ್ಲಿ ಹಣ ಕಡಿಮೆ ಇರುವ ವಿದ್ಯಾರ್ಥಿ ಭುಜಕ್ಕೆ ಸರಿಯಾಗಿ ಕೂರುವ ಸಾಧಾರಣ ಸೂಟು ಕೊಂಡು, ಉಳಿದದ್ದನ್ನು ಟೇಲರಿಗೆ ಕೊಡುವುದೇ ಜಾಣತನ.

ಅದಕ್ಕೂ ಮೊದಲು, ಸೂಟು ಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಬಹುಪಾಲು ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನಕ್ಕೆ ಇಸ್ತ್ರಿ ಮಾಡಿದ ಫಾರ್ಮಲ್ ಅಂಗಿ, ಪ್ಯಾಂಟು, ಬೂಟು ಧಾರಾಳವಾಗಿ ಸಾಕು. ಸೂಟಿನ ನಿರೀಕ್ಷೆ ಹೆಚ್ಚಾಗಿರುವುದು ಎಂಬಿಎ ಕಾಲೇಜುಗಳಲ್ಲಿ. ಕೋರ್ಸಿಗೆ ಸೇರಿದ ಕೆಲವೇ ತಿಂಗಳಲ್ಲಿ ಬೇಸಿಗೆ ಇಂಟರ್ನ್‌ಷಿಪ್ಪಿನ ಸಂದರ್ಶನ ಬರುತ್ತದೆ. ಬ್ಯಾಂಕು, ಸಲಹಾ ಸಂಸ್ಥೆಗಳು, ದೊಡ್ಡ ಹೋಟೆಲುಗಳು ಉಡುಪನ್ನು ಗಮನಿಸುತ್ತವೆ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಲ್ಲೋ ಹಿಂದಿನ ವರ್ಷದ ವಿದ್ಯಾರ್ಥಿಗಳಲ್ಲೋ ಒಂದು ಮಾತು ವಿಚಾರಿಸಿದರೆ ಖರ್ಚೇ ಉಳಿಯಬಹುದು.

ಕರ್ನಾಟಕದ ಊರುಗಳಲ್ಲಿ ಸೂಟು ಎಂದರೆ ಮೊದಲು ನೆನಪಾಗುವುದು ಮದುವೆಯ ಹಿಂದಿನ ಸಂಜೆಯ ರಿಸೆಪ್ಷನ್. ಅಂಗಡಿಯವರೂ ಅದನ್ನೇ ಹರಡಿಡುತ್ತಾರೆ: ಮಿಂಚುವ ಬಟ್ಟೆ, ಮಖಮಲ್ಲಿನ ಕಾಲರು, ವೇಸ್ಟ್‌ಕೋಟು ಸೇರಿದ ತ್ರೀ-ಪೀಸ್, ಎದೆಯ ಮೇಲೊಂದು ಬ್ರೂಚು. ಮಂಟಪದಲ್ಲಿ ಇವು ಚೆನ್ನ. ಸಂದರ್ಶನಕ್ಕೆ ಬೇಕಾದದ್ದು ಹೊಳಪಿಲ್ಲದ, ಎರಡು ಗುಂಡಿಯ, ಸಾದಾ ಕಾಲರಿನ ಕಡುನೀಲಿ ಅಥವಾ ಗಾಢ ಬೂದುಬಣ್ಣದ ಸೂಟು. ಅಚ್ಚ ಕಪ್ಪು ಬಣ್ಣದಲ್ಲಿ ದೂಳು, ನೂಲು, ಹೊಟ್ಟು ಎದ್ದು ಕಾಣುತ್ತವೆ. ಅಗ್ಗದ ಬಟ್ಟೆಯಾದರೆ ಇಸ್ತ್ರಿಯ ಹೊಳಪೂ ಬೇಗ ಕೂರುತ್ತದೆ. ಅಣ್ಣನ ಮದುವೆಯ ಸೂಟು ಮನೆಯಲ್ಲಿದ್ದು, ಬಣ್ಣ ಸೌಮ್ಯವಾಗಿದ್ದು, ಭುಜವೂ ಹೊಂದಿದರೆ, ಅದನ್ನೇ ಟೇಲರಿಗೆ ಕೊಟ್ಟು ಸರಿಮಾಡಿಸುವುದಕ್ಕಿಂತ ಅಗ್ಗದ ದಾರಿ ಇಲ್ಲ.

ರೆಡಿಮೇಡ್ ಕೋಟಿನ ಮೇಲೆ 36, 38, 40 ಎಂದಿದ್ದರೆ ಅದು ಇಂಚಿನಲ್ಲಿ ಎದೆಯ ಸುತ್ತಳತೆ. 46, 48, 50 ಎಂದಿದ್ದರೆ ಯುರೋಪಿನ ಲೆಕ್ಕ. ಅದರಿಂದ 10 ಕಳೆದರೆ ಇಂಚಿನ ಅಳತೆ ಸಿಗುತ್ತದೆ. ಜೋಡಿಯಾಗಿ ಮಾರುವ ಸೂಟಿನಲ್ಲಿ ಪ್ಯಾಂಟಿನ ಸೊಂಟ ಸಾಮಾನ್ಯವಾಗಿ ಎದೆಗಿಂತ 6 ಇಂಚು ಕಡಿಮೆ ಇರುತ್ತದೆ. ಇಪ್ಪತ್ತರ ಹರೆಯದ ಸಣಕಲು ಮೈಗೆ ಈ ಲೆಕ್ಕ ಹೊಂದದೆ ಪ್ಯಾಂಟು ಸಡಿಲವಾಗುವುದೇ ಹೆಚ್ಚು. ಒಂದೇ ಬಟ್ಟೆಯ ಕೋಟು, ಪ್ಯಾಂಟುಗಳನ್ನು ಬಿಡಿಬಿಡಿಯಾಗಿ ಮಾರುವ ಅಂಗಡಿ ಸಿಕ್ಕರೆ ಈ ತೊಂದರೆ ತಪ್ಪುತ್ತದೆ.

ಕೋಟನ್ನು ತೊಟ್ಟುನೋಡುವಾಗ ಟೀ ಶರ್ಟು, ಚಪ್ಪಲಿ ಕೂಡದು. ಸಂದರ್ಶನಕ್ಕೆ ಹಾಕುವ ಅಂಗಿ, ಬೂಟು ಇದ್ದರೇ ಅಳತೆ ತಿಳಿಯುವುದು. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಗೋಡೆಗೆ ಪಕ್ಕವಾಗಿ ನಿಂತು ವಾಲಿದಾಗ ತೋಳಿಗಿಂತ ಮೊದಲು ಪ್ಯಾಡು ಗೋಡೆಗೆ ತಗುಲಿದರೆ ಕೋಟು ದೊಡ್ಡದಾಯಿತು. ಕುತ್ತಿಗೆಯ ಹಿಂದೆ ಕೋಟಿನ ಕಾಲರು ಅಂಗಿಯ ಕಾಲರಿಗೆ ಅಂಟಿಕೊಂಡಿರಬೇಕು. ನಡುವೆ ಸಂದು ಕಂಡರೆ ಆ ಕೋಟನ್ನು ಬಿಡುವುದೇ ಲೇಸು, ಏಕೆಂದರೆ ಅದೂ ಸುಲಭಕ್ಕೆ ತಿದ್ದುವಂಥದ್ದಲ್ಲ. ಮೇಲಿನ ಗುಂಡಿ ಹಾಕಿದಾಗ ಹೊಟ್ಟೆಯ ಬಳಿ ಗುಣಾಕಾರದ ಚಿಹ್ನೆಯಂತೆ ನೆರಿಗೆ ಎದ್ದರೆ ಬಿಗಿ, ಒಳಗೆ ಒಂದು ಮುಷ್ಟಿ ಹಿಡಿಸಿ ಇನ್ನೂ ಜಾಗ ಮಿಕ್ಕರೆ ಸಡಿಲ. ಕೈ ಇಳಿಬಿಟ್ಟಾಗ ಅಂಗಿಯ ತೋಳು ಕೋಟಿನಿಂದ ಅರ್ಧ ಇಂಚಿನಷ್ಟು ಹೊರಗೆ ಕಾಣಬೇಕು. ಕೋಟಿನ ಉದ್ದ ಪೃಷ್ಠವನ್ನು ಮುಚ್ಚುವಷ್ಟಿರಲಿ. ಉದ್ದ ಹೆಚ್ಚಾದರೆ ಕತ್ತರಿಸಬಹುದಲ್ಲ ಎನಿಸುತ್ತದೆ, ಆದರೆ ಕತ್ತರಿಸಿದಾಗ ಜೇಬುಗಳು ಅಂಚಿಗೆ ತೀರಾ ಹತ್ತಿರವಾಗಿ ಕೋಟಿನ ಆಕಾರವೇ ಕೆಡುತ್ತದೆ. ಕನ್ನಡಿಯ ಮುಂದೆ ನೆಟ್ಟಗೆ ನಿಂತು ಮುಗಿಸದೆ ಒಮ್ಮೆ ಕುಳಿತು, ಕೈಕುಲುಕುವಂತೆ ತೋಳು ಚಾಚಿಯೂ ನೋಡಬೇಕು. ಸಂದರ್ಶನ ನಡೆಯುವುದು ಕುಳಿತುಕೊಂಡೇ ತಾನೇ.

ಹೊಲಿಸುವ ದಾರಿಯೂ ಉಂಟು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸೂಟಿನ ಬಟ್ಟೆ ಕೊಂಡು ಗೊತ್ತಿರುವ ಟೇಲರಿಗೆ ಕೊಡುವ ರೂಢಿ ಹಳೆಯದು. 58 ಇಂಚು ಪನ್ನದ ಬಟ್ಟೆಯಾದರೆ ಸಾಧಾರಣ ಮೈಕಟ್ಟಿಗೆ ಕೋಟು, ಪ್ಯಾಂಟು ಎರಡೂ ಸೇರಿ ಮೂರು, ಮೂರೂಕಾಲು ಮೀಟರು ಸಾಕು. ಅಗ್ಗದಲ್ಲಿ ಸಿಗುವುದು ಪಾಲಿಯೆಸ್ಟರ್-ವಿಸ್ಕೋಸ್ ಮಿಶ್ರಣ, ಅಂಗಡಿಯ ಮಾತಿನಲ್ಲಿ ಟಿ.ಆರ್. ಅದಕ್ಕಿಂತ ಮೇಲೆ ಪಾಲಿಯೆಸ್ಟರ್ ಮತ್ತು ಉಣ್ಣೆ ಬೆರೆತ ಟೆರಿವುಲ್ಲು. ಮೊದಲ ಸೂಟಿಗೆ ಟಿ.ಆರ್. ತಪ್ಪಲ್ಲ, ನೂರಕ್ಕೆ ನೂರು ಪಾಲಿಯೆಸ್ಟರ್ ಮಾತ್ರ ಬೇಡ, ಅದರಲ್ಲಿ ಗಾಳಿಯಾಡದೆ ಬೆವರು ಮೈಗೇ ಅಂಟುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೂ ಮಂಗಳೂರಿನ ಸೆಕೆಗೂ ಬೆನ್ನಿನ ಅರ್ಧಕ್ಕಷ್ಟೇ ಲೈನಿಂಗ್ ಕೊಡುವಂತೆ ಹೇಳುವುದು ವಾಸಿ. ಅಳತೆಗೂ ಡೆಲಿವರಿಗೂ ನಡುವೆ ಒಂದು ಟ್ರಯಲ್ ಇರಲೇಬೇಕು. ಒಳಹೊಲಿಗೆಯಲ್ಲಿ ಒಂದಿಂಚು ಮಾರ್ಜಿನ್ ಬಿಡಿಸಿಕೊಂಡರೆ ಮುಂದೆ ಮೈ ತುಂಬಿಕೊಂಡಾಗ ಅದೇ ಸೂಟನ್ನು ಬಿಚ್ಚಿಸಿಕೊಳ್ಳಬಹುದು.

ಕಾಲವನ್ನೂ ನೋಡಿಕೊಳ್ಳಬೇಕು. ಮದುವೆಯ ಲಗ್ನಗಳು ಹತ್ತಿರಹತ್ತಿರ ಬಿದ್ದ ತಿಂಗಳುಗಳಲ್ಲಿ, ದೀಪಾವಳಿಯ ಮುಂಚಿನ ವಾರಗಳಲ್ಲಿ ಟೇಲರುಗಳು ಹೇಳಿದ ದಿನಕ್ಕೆ ಕೊಡುವುದು ಕಷ್ಟ. ಆಷಾಢದಲ್ಲಿ ಮದುವೆಗಳಿಲ್ಲ, ಹೊಲಿಗೆಗೆ ಬಿಡುವಿರುತ್ತದೆ, ಬಟ್ಟೆ ಅಂಗಡಿಗಳಲ್ಲಿ ಆಷಾಢ ಸೇಲೂ ನಡೆಯುತ್ತದೆ. ಕ್ಯಾಂಪಸ್ ಸಂದರ್ಶನಗಳು ಬಿರುಸಾಗುವುದು ಅದರ ನಂತರವೇ ಆದ್ದರಿಂದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಅನುಕೂಲದ ತಿಂಗಳು ಸಿಗದು. ತೆರಿಗೆಯ ಲೆಕ್ಕವೂ ಇದೆ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರದ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಮೀರಿದ್ದಕ್ಕೆ ಶೇ 18.

ಹುಡುಗಿಯರ ಮುಂದೆ ಆಯ್ಕೆ ಹೆಚ್ಚು, ರೆಡಿಮೇಡ್ ಸೂಟು ಮಾತ್ರ ಕಡಿಮೆ. ಸಾದಾ ಸೀರೆ, ಸಲ್ವಾರ್ ಕಮೀಜು ನಮ್ಮಲ್ಲಿ ಸಂದರ್ಶನಕ್ಕೆ ಪೂರ್ತಿ ಒಪ್ಪುವ ಉಡುಪು. ಸೂಟೇ ಬೇಕೆಂದರೆ ಭುಜ, ಎದೆ ಎರಡಕ್ಕೂ ಹೊಂದುವುದನ್ನು ಆರಿಸಿ ಸೊಂಟವನ್ನು ಹಿಡಿಸಬೇಕು. ಹೊಲಿಸುವುದಾದರೆ ಹೆಂಗಸರ ಕೋಟು ಹೊಲಿದು ರೂಢಿಯಿರುವ ಟೇಲರೇ ಆಗಬೇಕು. ಗಂಡಸರ ಕೋಟಿನ ಕಟಿಂಗನ್ನೇ ಸಣ್ಣದು ಮಾಡಿ ಕೊಟ್ಟರೆ ಎದೆಯ ಬಳಿ ಎಳೆದುಕೊಳ್ಳುತ್ತದೆ.

ಹೊಸ ಕೋಟು ಮನೆಗೆ ಬಂದ ಮೇಲೆ ಸಣ್ಣ ಕತ್ತರಿಗೆ ಸ್ವಲ್ಪ ಕೆಲಸವಿದೆ. ಬೆನ್ನಿನ ಸೀಳನ್ನು ಹಿಡಿದಿಟ್ಟ ಅಡ್ಡಹೊಲಿಗೆ, ತೋಳಿನ ಮೇಲಿನ ಕಂಪನಿಯ ಪಟ್ಟಿ ಸಾಗಣೆಗೂ ಮಾರಾಟಕ್ಕೂ ಇದ್ದವು, ತೆಗೆಯಬೇಕು. ಇವನ್ನು ಹಾಗೇ ಬಿಟ್ಟು ಸಂದರ್ಶನಕ್ಕೆ ಬರುವವರು ಪ್ರತಿವರ್ಷ ಸಿಗುತ್ತಾರೆ. ಎರಡು ಗುಂಡಿಯ ಕೋಟಿನಲ್ಲಿ ಕೆಳಗಿನದನ್ನು ಹಾಕುವುದಿಲ್ಲ, ಕೂರುವಾಗ ಮೇಲಿನದನ್ನೂ ಬಿಚ್ಚುತ್ತಾರೆ. ಟೈಯ ತುದಿ ಬೆಲ್ಟಿನ ಬಕಲ್ಲಿಗೆ ಮುಟ್ಟಿದರೆ ಸಾಕು. ಸಿಟಿ ಬಸ್ಸಿನಲ್ಲಿ ಹೋಗುವವರು ಕೋಟನ್ನು ಹ್ಯಾಂಗರಿನಲ್ಲಿ ಒಯ್ದು ಕಂಪನಿಯ ಗೇಟಿನ ಬಳಿ ತೊಟ್ಟರೆ ಬೆನ್ನು ಮುದುಡುವುದಿಲ್ಲ. ಅಗ್ಗದ ಕೋಟುಗಳಲ್ಲಿ ಒಳಗಿನ ಪದರವನ್ನು ಅಂಟಿನಿಂದ ಕೂರಿಸಿರುತ್ತಾರೆ. ನೀರಿನಲ್ಲಿ ಒಗೆದರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ, ಪದೇ ಪದೇ ಡ್ರೈಕ್ಲೀನ್ ಮಾಡಿಸಿದರೂ ಅಂಟು ಸಡಿಲವಾಗುತ್ತದೆ. ಪ್ರತಿ ಬಾರಿ ತೊಟ್ಟ ಮೇಲೆ ಬ್ರಷ್‌ನಿಂದ ದೂಳು ಕೊಡವಿ, ದಪ್ಪ ಭುಜದ ಹ್ಯಾಂಗರಿಗೆ ಹಾಕಿ, ಒಂದು ರಾತ್ರಿ ಗಾಳಿಯಲ್ಲಿ ಬಿಟ್ಟು ಕಪಾಟಿನಲ್ಲಿಡಬೇಕು. ಡ್ರೈಕ್ಲೀನಿಂಗಿಗೆ ಕೊಡಬೇಕಾದದ್ದು ಕಲೆಯೋ ಬೆವರಿನ ವಾಸನೆಯೋ ಉಳಿದಾಗ ಮಾತ್ರ, ಕೋಟು ಪ್ಯಾಂಟು ಎರಡನ್ನೂ ಒಟ್ಟಿಗೆ. ಒಂದನ್ನೇ ಕೊಡುತ್ತ ಹೋದರೆ ಎರಡರ ಬಣ್ಣ ಬೇರೆಬೇರೆಯಾಗುತ್ತದೆ.