ನಿಮಗಿದು ಗೊತ್ತೆ? ಒಂದು ಕೂಸು ಕದಡಿದ ಸಿಂಹಾಸನ

ಜೇಮ್ಸ್ ಎಂಬ ಹೆಸರಿನ ಲ್ಯಾಟಿನ್ ರೂಪ ಜಾಕೋಬಸ್. ಇಂಗ್ಲೆಂಡಿನ ದೊರೆ ಎರಡನೇ ಜೇಮ್ಸ್ ಪದಚ್ಯುತನಾದ ಮೇಲೂ ಅವನ ಪಕ್ಷ ಬಿಡದವರು ಜಾಕೋಬೈಟರು. ಪ್ರಾಟೆಸ್ಟಂಟರ ನಾಡಿಗೆ ದೊರೆಯಾದ ಆತ ಕ್ಯಾಥೊಲಿಕ್. ಆದರೂ ಜನ ತಾಳಿಕೊಂಡಿದ್ದರು. ಮುಂದಿನ ವಾರಸುದಾರಳು ಪ್ರಾಟೆಸ್ಟಂಟ್ ಮಗಳು ಮೇರಿ ತಾನೆ! 1688ರ ಜೂನ್‌ನಲ್ಲಿ ದೊರೆಗೆ ಗಂಡುಮಗು ಹುಟ್ಟಿದ್ದೇ ತಡ, ವಾರಸಿಕೆ ಕ್ಯಾಥೊಲಿಕ್ ಮಗನತ್ತ ಹೊರಳಿ ಆ ಲೆಕ್ಕ ತಲೆಕೆಳಗಾಯಿತು. ಹಾಸಿಗೆ ಬೆಚ್ಚಗಾಗಿಸುವ ಕೆಂಡದ ಪಾತ್ರೆಯಲ್ಲಿ ಯಾರದೋ ಕೂಸನ್ನು ಅಡಗಿಸಿ ರಾಣಿಯ ಮಗ್ಗುಲಿಗೆ ತಂದರೆಂಬ ಗಾಳಿಸುದ್ದಿ ಹಬ್ಬಿತು, ಹೆರಿಗೆ ಕೋಣೆಯಲ್ಲಿ ಹತ್ತಾರು ಸಾಕ್ಷಿಗಳಿದ್ದರೂ. ಪಾಪ, ಆ ಕೂಸು! ವಿರೋಧ ಬಲವಾಗಿ, ವರ್ಷಾಂತ್ಯಕ್ಕೆ ಜೇಮ್ಸ್ ಫ್ರಾನ್ಸಿಗೆ ಓಡಿದ. ಮೇರಿ, ಆಕೆಯ ಗಂಡ ವಿಲಿಯಂ ಪಟ್ಟವೇರಿದರು. 1701ರ ಕಾಯ್ದೆಯಂತೆ ಕಿರೀಟ ಪ್ರಾಟೆಸ್ಟಂಟರಿಗೆ ಮಾತ್ರ. ಹಾಗಾಗಿ 1714ರಲ್ಲಿ ಸಿಂಹಾಸನ ತೆರವಾದಾಗ, ರಕ್ತಸಂಬಂಧದಲ್ಲಿ ಹತ್ತಿರದವರಾದ 50ಕ್ಕೂ ಹೆಚ್ಚು ಕ್ಯಾಥೊಲಿಕರನ್ನು ದಾಟಿ ಅದು ಜರ್ಮನಿಯ ಹ್ಯಾನೋವರ್‌ನ ಜಾರ್ಜ್‌ನ ತಲೆಗೇರಿತು. ಮರುವರ್ಷವೇ ಸ್ಕಾಟ್ಲೆಂಡ್‌ನಲ್ಲಿ ಜಾಕೋಬೈಟರು ದಂಗೆಯೆದ್ದರು.