ಪುಕ್ಕದ ಹುಳ ಕಟ್ಟುವುದು ಹೇಗೆ?



ಮೀನು ಹಿಡಿಯೋದು ಅಂದರೆ ನಮಗೆಲ್ಲ ಗೊತ್ತಿರೋದು ಒಂದೇ ದಾರಿ. ಗಾಳಕ್ಕೆ ಎರೆಹುಳ ಚುಚ್ಚಬೇಕು, ದಡದಲ್ಲಿ ಕೂತು ಕಾಯಬೇಕು. ತಿನ್ನೋಕೆ ಏನೂ ಇಲ್ಲದ ಗಾಳವನ್ನೂ ಮೀನು ಕಚ್ಚುತ್ತದೆ ಅಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ.

ಬೇಸಿಗೆ ರಜೆಯಲ್ಲಿ ಊಟಿಯಿಂದ ಬಂದ ನನ್ನ ಮಾವ ಒಂದು ಬೆಂಕಿಪೊಟ್ಟಣ ಕೊಟ್ಟರು. ಅವರು ಕೆಲಸ ಮಾಡುವ ಹೋಟೆಲಿಗೆ ಬಂದಿದ್ದ ಅತಿಥಿಯೊಬ್ಬರು ಕೊಟ್ಟಿದ್ದಂತೆ. ಒಳಗೆ ಉಗುರಿಗಿಂತ ಸಣ್ಣ ಗಾಳ. ಅದರ ಮೈಗೆ ಕಿತ್ತಳೆ ಬಣ್ಣದ ರೇಷ್ಮೆ ನೂಲು, ಕತ್ತಿನಲ್ಲಿ ಹತ್ತು ಹದಿನೈದು ಕಂದು ಚುಕ್ಕೆಯ ಪುಕ್ಕದ ಎಳೆ. ಅಷ್ಟೇ. ತರಗತಿಯಲ್ಲಿ ತೋರಿಸಿದರೆ "ಇದೇನೋ, ಕೋಳಿ ಕೆದರಿ ಬಿಟ್ಟ ಕಸ" ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ವಿಜ್ಞಾನದ ಮೇಷ್ಟ್ರು ಕೂರಿಸಿಕೊಂಡು ಹೇಳಿದ್ದು, ನಾನು ಓದಿ ತಿಳಿದದ್ದು, ಮಾಡಿ ನೋಡಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಇದು ಎಲ್ಲಿಯದು?

ಇದರ ಹೆಸರು ಪಾರ್ಟ್ರಿಜ್ ಅಂಡ್ ಆರೆಂಜ್. ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಷೈರ್ ಸೀಮೆಯದು. ಅಲ್ಲಿ ವಾರ್ಫ್, ಯೂರ್, ನಿಡ್, ಸ್ವೇಲ್ ಅಂತ ತಣ್ಣನೆಯ, ಕಲ್ಲುಗಳ ನಡುವೆ ಓಡುವ ಹೊಳೆಗಳಿವೆ. ಅದರಲ್ಲಿ ಟ್ರೌಟ್ ಮೀನು ಇದೆ. ಟ್ರೌಟ್ ಮೀನನ್ನು ಬ್ರಿಟಿಷರು ನೀಲಗಿರಿಗೂ ತಂದು ಬಿಟ್ಟರು. ಊಟಿಯ ಅತಿಥಿಯ ಹತ್ತಿರ ಈ ಗಾಳ ಇದ್ದದ್ದು ಅದಕ್ಕೇ.

ಹ್ಯಾಕಲ್ ಅಂದರೆ ಹಕ್ಕಿಯ ಕತ್ತಿನ ಪುಕ್ಕ. ಮೆತ್ತನೆಯ ಪುಕ್ಕ ಕಟ್ಟಿದ್ದಕ್ಕೆ ಸಾಫ್ಟ್ ಹ್ಯಾಕಲ್ ಅನ್ನುತ್ತಾರೆ. ನೀರೊಳಗೆ ಮುಳುಗಿ ಹೋಗುವುದರಿಂದ ವೆಟ್ ಫ್ಲೈ, ಅಂದರೆ ಒದ್ದೆ ನೊಣ. ಹುಂಜದ ಗಡಸು ಪುಕ್ಕ ಕಟ್ಟಿ ತೇಲಿಸುವುದಕ್ಕೆ ಡ್ರೈ ಫ್ಲೈ ಅನ್ನುತ್ತಾರೆ. ನಾನು ನಮ್ಮ ಬಾಯಿಗೆ ಸುಲಭವಾಗಲಿ ಅಂತ 'ಪುಕ್ಕದ ಹುಳ' ಅಂತ ಕರೆದಿದ್ದೇನೆ.

ಸ್ಕಾಟ್ಲೆಂಡಿನ ಎಡಿನ್‌ಬರೋದ ಡಬ್ಲ್ಯೂ. ಸಿ. ಸ್ಟೀವರ್ಟ್ ಎಂಬ ವಕೀಲರು 1857ರಲ್ಲಿ ಬರೆದ ಪುಸ್ತಕದಲ್ಲಿ ಇಂಥ ಮೂರು ಹುಳ ಕಟ್ಟುವುದನ್ನು ಹೇಳಿದ್ದಾರೆ. ಯಾರ್ಕ್‌ಷೈರಿನ ಹುಳಗಳ ಬಗ್ಗೆ ಟಿ. ಇ. ಪ್ರಿಟ್ ಎನ್ನುವವರು 1885ರಲ್ಲಿ ಪುಸ್ತಕ ಮಾಡಿದರು. ನಡುವೆ ಜನ ಇದನ್ನು ಅಷ್ಟಾಗಿ ಕೇಳುತ್ತಿರಲಿಲ್ಲ. 1975ರಲ್ಲಿ ಅಮೆರಿಕದ ಸಿಲ್ವೆಸ್ಟರ್ ನೀಮ್ಸ್ ಪುಸ್ತಕ ಬರೆದ ಮೇಲೆ ಅಲ್ಲಿ ಮತ್ತೆ ಚಾಲ್ತಿಗೆ ಬಂತು.

ಮೀನು ಯಾಕೆ ಮೋಸಹೋಗುತ್ತದೆ?

ನಮ್ಮ ಹಳ್ಳದಲ್ಲಿ ಓಡುವ ನೀರಿನ ಕಲ್ಲು ಮಗುಚಿ ನೋಡಿ. ಅಡಿಯಲ್ಲಿ ಚಪ್ಪಟೆ ಮರಿಹುಳ ಅಂಟಿಕೊಂಡಿರುತ್ತದೆ. ಹಿಂದುಗಡೆ ಎರಡೋ ಮೂರೋ ಕೂದಲಿನಂಥ ಬಾಲ. ಇದು ಮೇಫ್ಲೈ ಎಂಬ ಕೀಟದ ಮರಿ. ಯಾರ್ಕ್‌ಷೈರಿನ ಹೊಳೆಯಲ್ಲೂ ಇದರ ನೆಂಟರೇ ಇರೋದು. ಇದು ತಿಂಗಳುಗಟ್ಟಲೆ ನೀರಿನಡಿ ಬೆಳೆದು, ಒಂದು ದಿನ ಮೇಲೆ ಈಜಿ ಬಂದು, ಪೊರೆ ಬಿಟ್ಟು ರೆಕ್ಕೆ ಬಿಚ್ಚಿ ಹಾರುತ್ತದೆ. ಹಾರಿದ ಮೇಲೆ ಬಹಳ ಹೊತ್ತು ಬದುಕುವುದಿಲ್ಲ. ಊಟ ಮಾಡುವ ಬಾಯಿಯೂ ಕೆಲಸ ಮಾಡುವುದಿಲ್ಲ.

ಮೇಲೆ ಬರುವ ಆ ಗಳಿಗೆಯೇ ಹುಳಕ್ಕೆ ಕಂಟಕ. ಕಾಲು ಬಡಿಯುತ್ತಾ, ಅರ್ಧ ಬಿಚ್ಚಿದ ರೆಕ್ಕೆ ಎಳೆಯುತ್ತಾ ಇರುವಾಗ ತಪ್ಪಿಸಿಕೊಳ್ಳಲಾರದು. ಟ್ರೌಟ್ ಕಾಯುವುದು ಅದಕ್ಕೇ. ಮೆತ್ತನೆಯ ಪುಕ್ಕ ಓಡುವ ನೀರಿನಲ್ಲಿ ಮುದುಡುತ್ತದೆ, ಅರಳುತ್ತದೆ. ಮೀನಿಗೆ ಅದು ಕಾಲು ಬಡಿದ ಹಾಗೆ ಕಾಣುತ್ತದೆ. ಹುಳದ ರೂಪ ಸರಿಯಾಗಿಲ್ಲದಿದ್ದರೂ ಜೀವ ಇದ್ದ ಹಾಗೆ ಅಲ್ಲಾಡಿದರೆ ಸಾಕು.

ಬೇಕಾಗುವ ಸಾಮಾನು

ಸಣ್ಣ ಗಾಳ (12ರಿಂದ 16ನೇ ನಂಬರು, ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದು), ತೆಳ್ಳನೆಯ ರೇಷ್ಮೆ ನೂಲು, ಜೇನುಮೇಣ, ಕತ್ತರಿ, ಒಂದು ಮೆತ್ತನೆಯ ಪುಕ್ಕ. ಗಾಳ ಹಿಡಿಯಲು ವೈಸ್ ಬೇಕು. ನಾನು ಸೈಕಲ್ ಶಾಪಿನವರ ಇಕ್ಕಳ ತಂದು, ಹಿಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ಬಿಗಿ ಮಾಡಿಕೊಂಡೆ.

ಕಟ್ಟುವ ವಿಧಾನ

1) ನೂಲಿಗೆ ಜೇನುಮೇಣ ಉಜ್ಜಿ. ಜಾರುವುದಿಲ್ಲ.

2) ಗಾಳದ ಕಣ್ಣಿನ ಹಿಂದೆ ನೂಲು ಕಚ್ಚಿಸಿ, ಒತ್ತೊತ್ತಾಗಿ ಹಿಂದಕ್ಕೆ ಸುತ್ತಿ. ಗಾಳದ ಮೊನೆಯ ನೇರಕ್ಕೆ ಬಂದಾಗ ನಿಲ್ಲಿಸಿ ಮುಂದಕ್ಕೆ ಸುತ್ತುತ್ತಾ ಬನ್ನಿ. ಮೈ ಅಂದರೆ ಅಷ್ಟೇ, ದಪ್ಪ ಮಾಡಬಾರದು.

3) ಪುಕ್ಕದ ಬುಡದ ತುಪ್ಪಳ ಕಿತ್ತುಹಾಕಿ. ತುದಿಯ ಸ್ವಲ್ಪ ಎಳೆ ಬಿಟ್ಟು ಉಳಿದದ್ದನ್ನು ಬೆರಳಲ್ಲಿ ಹಿಂದಕ್ಕೆ ಸವರಿ. ಎಳೆಯ ಉದ್ದ ಗಾಳದ ಬಾಗಿನವರೆಗೆ ಬಂದರೆ ಸರಿ.

4) ಪುಕ್ಕದ ತುದಿಯನ್ನು ಕಣ್ಣಿನ ಹಿಂದೆ ಕಟ್ಟಿ.

5) ಬುಡ ಹಿಡಿದು ಒಂದೂವರೆ ಸುತ್ತು, ಹೆಚ್ಚೆಂದರೆ ಎರಡು ಸುತ್ತು ಸುತ್ತಿ. ನೂಲಿನಿಂದ ಬಿಗಿದು ಉಳಿದದ್ದು ಕತ್ತರಿಸಿ.

6) ಎಳೆಗಳನ್ನು ಹಿಂದಕ್ಕೆ ಸವರಿ, ಮುಂದೆ ಸಣ್ಣ ತಲೆಯಂತೆ ನೂಲು ಸುತ್ತಿ, ಮೂರು ನಾಲ್ಕು ಕುಣಿಕೆ ಹಾಕಿ ಬಿಗಿಯಿರಿ. ಮುಗೀತು.

ನಾನು ಮಾಡಿದ ಎರಡು ತಪ್ಪು

ಮೊದಲನೆಯದು ಹೇಳೋಕೆ ನಾಚಿಕೆಯಾಗುತ್ತದೆ. ಪಾರ್ಟ್ರಿಜ್ ಅಂದರೆ ನಮ್ಮ ಕೌಜುಗದ ನೆಂಟ ಹಕ್ಕಿ ಅಂತ ಮೇಷ್ಟ್ರು ಹೇಳಿದ್ದೇ ತಡ, ನಾನು ಹೊಲದ ಬದುವಿನಲ್ಲಿ ಉರುಲು ಒಡ್ಡಿದೆ. ಅಜ್ಜ ನೋಡಿಬಿಟ್ಟರು. ಉರುಲು ಕಿತ್ತು ಕೈಗೆ ಕೊಟ್ಟು, "ಒಂದು ಪುಕ್ಕಕ್ಕೆ ಒಂದು ಜೀವವೇನೋ ಮಗ?" ಅಂದರು. ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೌಜುಗ ಹಿಡಿಯುವುದು ಅಪರಾಧ ಅಂತ ಮೇಷ್ಟ್ರು ಆಮೇಲೆ ಹೇಳಿದರು. ಸ್ಟೀವರ್ಟರ ಕಾಲದಲ್ಲಿ ಲ್ಯಾಂಡ್‌ರೇಲ್, ಡಾಟರೆಲ್ ಎಂಬ ಹಕ್ಕಿಗಳ ಪುಕ್ಕ ಬಳಸುತ್ತಿದ್ದರು. ಈಗ ಆ ದೇಶದಲ್ಲೂ ಅವನ್ನು ಕೊಲ್ಲುವ ಹಾಗಿಲ್ಲ. ಬೇರೆ ಪುಕ್ಕದಿಂದಲೇ ಕಟ್ಟುತ್ತಾರೆ. ನನಗೆ ಬೇಕಾದದ್ದು ನಮ್ಮ ಹಿತ್ತಲಲ್ಲೇ ಬಿದ್ದಿತ್ತು: ಹೇಂಟೆಯ ಕತ್ತಿನ ಪುಕ್ಕ. ಹುಂಜದ್ದು ಗಡಸು, ಹೇಂಟೆಯದು ಮೆತ್ತಗೆ.

ಎರಡನೆಯ ತಪ್ಪು ಆಸೆಯದು. ಚೆಂದ ಕಾಣಲಿ ಅಂತ ಆರು ಸುತ್ತು ಪುಕ್ಕ ಸುತ್ತಿದೆ. ಗುಂಡಗೆ, ಪೊದೆಯ ಹಾಗೆ ಬಂತು. ಮಾವ ಕೊಟ್ಟಿದ್ದಕ್ಕಿಂತ ನನ್ನದೇ ಚೆನ್ನಾಗಿದೆ ಅಂತ ಬೀಗಿದೆ. ಮೇಷ್ಟ್ರು ಏನೂ ಹೇಳದೆ ಒಂದು ಬಕೆಟ್ ನೀರು ತರಿಸಿದರು. ಎರಡನ್ನೂ ದಾರಕ್ಕೆ ಕಟ್ಟಿ ನೀರಿನಲ್ಲಿ ಮೆಲ್ಲಗೆ ಎಳೆಯಲು ಹೇಳಿದರು. ನನ್ನದು ಒದ್ದೆ ಪೊರಕೆಯ ಹಾಗೆ ಒಂದೇ ಮುದ್ದೆಯಾಗಿ ಬಂತು. ಆ 'ಕೋಳಿ ಕೆದರಿದ ಕಸ' ಇತ್ತಲ್ಲ, ಅದು ಉಸಿರಾಡುತ್ತಿತ್ತು! ಎಳೆದರೆ ಮುದುಡುತ್ತಿತ್ತು, ಬಿಟ್ಟರೆ ಅರಳುತ್ತಿತ್ತು. ನೂಲಿನ ಕಿತ್ತಳೆ ಬಣ್ಣವೂ ನೆನೆದು ಕಂದಾಗಿ, ನಿಜವಾದ ಹುಳದ ಮೈಯಂತೆ ಕಂಡಿತು. ನಕ್ಕವರೆಲ್ಲ ಬಕೆಟ್ಟಿನ ಸುತ್ತ ತಲೆಗೆ ತಲೆ ತಾಗಿಸಿ ನಿಂತಿದ್ದರು.

ಎಳೆ ಹೆಚ್ಚಾದರೆ ಒಂದಕ್ಕೊಂದು ಆತುಕೊಂಡು ಅಲ್ಲಾಡುವುದಿಲ್ಲ. ಕಡಿಮೆ ಇದ್ದರೆ ಪ್ರತಿ ಎಳೆಗೂ ಜಾಗ ಸಿಗುತ್ತದೆ. ಹಿಂದಿನವರು ಪುಕ್ಕ ಉಳಿಸೋಕೆ ಒಂದೂವರೆ ಸುತ್ತು ಸುತ್ತಿದ್ದಲ್ಲ, ನೀರನ್ನು ನೋಡಿ ನೋಡಿ ಕಲಿತದ್ದು ಅಂತ ನನಗೆ ಆಗ ತಿಳಿಯಿತು.

ಈ ಹಾಳೆಯ ಕೆಳಗಿನ ಮೂಲೆಯಲ್ಲಿ ನಾನು ಕಟ್ಟಿದ ಎಂಟನೇ ಹುಳವನ್ನು ಅಂಟಿಸಿದ್ದೇನೆ. ಚಿಕ್ಕ ಮಕ್ಕಳಿಗೆ ಚುಚ್ಚದಿರಲಿ ಅಂತ ಮೊನೆ ಮುರಿದಿದ್ದೇನೆ. ಮುಟ್ಟಿ ನೋಡಿ, ಊದಿ ನೋಡಿ, ದಯವಿಟ್ಟು ಕಿತ್ತುಕೊಂಡು ಹೋಗಬೇಡಿ. ಕಲಿಯಬೇಕು ಅನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ. ಪುಕ್ಕ ನೀವೇ ತನ್ನಿ, ಆದರೆ ನೆಲದಲ್ಲಿ ಬಿದ್ದದ್ದು ಮಾತ್ರ.

— ಒಂಬತ್ತನೇ ತರಗತಿಯ ವಿದ್ಯಾರ್ಥಿ